ಎರಡು ತಾಸಿನ ಕಾರವಾರ

ಕಾರವಾರಕ್ಕೆ ಬರುವವರು ಎರಡು ಬಗೆ. ಒಂದು ಬಗೆಯವರು ಗೋವಾ, ಗೋಕರ್ಣ, ಮುರುಡೇಶ್ವರದ ನಡುವೆ ಕಾರು ನಿಲ್ಲಿಸಿ, ಯುದ್ಧನೌಕೆಯ ಮುಂದೆ ಫೋಟೊ ತೆಗೆಸಿಕೊಂಡು ಹೋಗುವವರು. ಇನ್ನೊಂದು ಬಗೆಯವರು ಕೈಚೀಲದಲ್ಲಿ ಪಹಣಿ, ಆಧಾರ್ ಕಾರ್ಡಿನ ಝೆರಾಕ್ಸು, ನಾಲ್ಕು ಫೋಟೊ ಇಟ್ಟುಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದವರು. ಪ್ರವಾಸೋದ್ಯಮದ ಯೋಜನೆಗಳೆಲ್ಲ ಮೊದಲನೆಯವರ ಸಲುವಾಗಿ. ಎರಡನೆಯವರ ಪರವಾಗಿ ನನ್ನದೊಂದು ಬೇಡಿಕೆ ಇದೆ. ಅದನ್ನು ಕೇಳುವ ಹಕ್ಕು ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ. ಯಾಕೆಂದರೆ ಅವರಲ್ಲಿ ಬಹಳ ಜನ ಹೊತ್ತು ಕಳೆಯುವುದು ನನ್ನ ಅಂಗಡಿಯ ಬೆಂಚಿನ ಮೇಲೆ.

ನನ್ನದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಅಫಿಡವಿಟ್, ವಾರಸಾ ಅರ್ಜಿ, ಅರಣ್ಯ ಅತಿಕ್ರಮಣ ಸಕ್ರಮದ ಮನವಿ, ಹೆಸರು ತಿದ್ದುಪಡಿ, ಇವೇ ದಿನದ ಕೆಲಸ. ಮುಂಡಗೋಡ, ಹಳಿಯಾಳ, ಸಿದ್ದಾಪುರ, ಜೋಯಿಡಾದವರು ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಬಂದು ನಿಂತಿರುತ್ತಾರೆ. ಹನ್ನೆರಡೂವರೆ ಹೊತ್ತಿಗೆ ಅವರೇ ಸಪ್ಪೆ ಮುಖ ಮಾಡಿಕೊಂಡು ವಾಪಸು ಬರುತ್ತಾರೆ.

"ಅಕ್ಕಾರ, ಸಾಹೇಬ್ರು ಮೀಟಿಂಗಿಗೆ ಹೋಗ್ಯಾರಂತ. ಮೂರಕ್ಕ ಬರ್ರಿ ಅಂದ್ರು. ಅಲ್ಲೀತನಕ ಏನ್ ಮಾಡೂದ್ರಿ?"

"ಸಮುದ್ರ ನೋಡೀರೇನು?"

"ಬಸ್ಸಿನ ಕಿಟಕ್ಯಾಗ ಕಂಡ್ತರಿ."

ನನ್ನ ಅಂಗಡಿಯಿಂದ ಕಡಲಿಗೆ ಹತ್ತು ನಿಮಿಷದ ದಾರಿ. ಜಿಲ್ಲಾ ಕೇಂದ್ರಕ್ಕೆ ಹತ್ತಾರು ವರ್ಷಗಳಿಂದ ಬಂದುಹೋಗುತ್ತಿರುವವರು ಕಡಲನ್ನು ಬಸ್ಸಿನ ಕಿಟಕಿಯಲ್ಲಷ್ಟೇ ಕಂಡಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಚಹಾ ಕುಡಿದು, ಮತ್ತೊಂದು ಚಹಾ ಕುಡಿದು, ಮೂರಕ್ಕೆ ಹೋಗಿ, "ನಾಳೆ ಬನ್ನಿ" ಎಂದು ಹೇಳಿಸಿಕೊಂಡು ಐದರ ಬಸ್ಸು ಹತ್ತುತ್ತಾರೆ.

ಇಷ್ಟು ದೊಡ್ಡ ಜಿಲ್ಲೆಗೆ ಕೇಂದ್ರವಾಗಿ ಈ ಮೂಲೆಯ ಊರೇ ಯಾಕೆ ಬೇಕಿತ್ತು ಎಂದು ಶಿರಸಿ ಕಡೆಯವರು ಕೇಳುತ್ತಲೇ ಇರುತ್ತಾರೆ. ಪ್ರತ್ಯೇಕ ಜಿಲ್ಲೆಯ ಕೂಗಿಗೂ ಈ ದೂರವೇ ಒಂದು ಕಾರಣ. ಇದಕ್ಕೆ ಉತ್ತರ ಬಂದರಿನಲ್ಲಿದೆ. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಧಾರವಾಡ ಸೀಮೆಯ ಹತ್ತಿಯ ಲೆಕ್ಕಾಚಾರ ಇತ್ತು. ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಏರಿಸಲು ಒಳ್ಳೆಯ ಬಂದರು ಬೇಕಾಗಿತ್ತು. ಗುಡ್ಡ ಮತ್ತು ದ್ವೀಪಗಳ ಮರೆಯಲ್ಲಿರುವ ಕಾರವಾರದ ಕೊಲ್ಲಿ ಬ್ರಿಟಿಷರ ಕಣ್ಣಿಗೆ ಬಿತ್ತು. ಮೀನುಗಾರರ ಕೇರಿಗಳಿದ್ದ ಕಡೆ ಜಿಲ್ಲೆಯ ಪೇಟೆ ಎದ್ದಿತು. ಹುಬ್ಬಳ್ಳಿಯಿಂದ ಇಲ್ಲಿಗೆ ರೈಲು ಬರುತ್ತದೆ ಎಂಬ ಮಾತೂ ಇತ್ತು. ಆದರೆ ರೈಲು ಗೋವಾದ ಮರ್ಮಗೋವಾ ಬಂದರಿಗೆ ಹೋಯಿತು. ಹತ್ತಿಯೂ ಅದರ ಹಿಂದೆಯೇ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇವತ್ತಿಗೂ ಕಡತದಲ್ಲೇ ಓಡುತ್ತಿದೆ. ಕಚೇರಿಗಳು ಮಾತ್ರ ಇಲ್ಲೇ ಉಳಿದವು.

ಅಂದರೆ ಹಳಿಯಾಳದ ರೈತ ಇಷ್ಟು ದೂರ ಬರುತ್ತಿರುವುದು ಈ ಬಂದರಿನ ದೆಸೆಯಿಂದ. ಅಂಥವನಿಗೆ ಆ ಬಂದರನ್ನಾದರೂ ತೋರಿಸಿ ಕಳಿಸಬೇಡವೇ?

ನನ್ನ ಬೇಡಿಕೆ ಸಣ್ಣದು. ಬಸ್‌ಸ್ಟ್ಯಾಂಡಿನಿಂದ ಹೊರಟು ಎರಡು ತಾಸಿನೊಳಗೆ ವಾಪಸು ಬರುವಂಥ ಮೂರು ನಡಿಗೆಯ ದಾರಿಗಳನ್ನು ಗುರುತು ಮಾಡಿ. ಗೈಡ್ ಬೇಡ, ಟಿಕೆಟ್ ಬೇಡ, ಆ್ಯಪ್ ಬೇಡ. ಬಸ್‌ಸ್ಟ್ಯಾಂಡಿನ ಗೋಡೆಗೆ ಒಂದು ನಕ್ಷೆ, ದಾರಿಯ ತಿರುವುಗಳಲ್ಲಿ ಬಾಣದ ಗುರುತು, ಅಲ್ಲಲ್ಲಿ ಕೂರಲು ಕಲ್ಲುಬೆಂಚು, ಕುಡಿಯುವ ನೀರು, ಹೆಂಗಸರು ಧೈರ್ಯವಾಗಿ ಹೋಗುವಂಥ ಶೌಚಾಲಯ, ಇಷ್ಟು ಸಾಕು. ದಾರಿಗಳು ಆಗಲೇ ಇವೆ. ಅವನ್ನು ಹೊಸದಾಗಿ ಕಡಿಯಬೇಕಾಗಿಲ್ಲ. ನನ್ನ ಬೆಂಚಿನಲ್ಲಿ ಕೂತವರಿಗೆ ಬಳಸಿದ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸುವುದೂ ಇವನ್ನೇ.

ಮೊದಲನೆಯದು ಬೈತಖೋಲ ಬಂದರಿನ ದಾರಿ. ಪೇಟೆಯಿಂದ ಪಶ್ಚಿಮಕ್ಕೆ ನಡೆದು ಹೆದ್ದಾರಿ ದಾಟಿದರೆ ಟಾಗೋರ್ ಕಡಲತೀರ. ಕಡಲಿಗೆ ಮುಖ ಮಾಡಿ ನಿಂತು ಎಡಕ್ಕೆ ತಿರುಗಬೇಕು. ಎದುರಿಗೆ ಕಾಣುವ ಹಸಿರು ಗುಡ್ಡದ ಬುಡವೇ ಬೈತಖೋಲ. ಸಮಾಧಾನವಾಗಿ ನಡೆದರೆ ಮುಕ್ಕಾಲು ತಾಸಿನೊಳಗೆ ತಲುಪಬಹುದು. ಕಾಲು ಸೋತರೆ ಬರುವಾಗ ಆಟೊ ಇದೆ. ವಾಣಿಜ್ಯ ಬಂದರಿನ ಗೇಟಿನೊಳಗೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಅದರ ಪಕ್ಕದ ಮೀನುಗಾರಿಕೆ ಬಂದರಿಗೆ ಹೋಗಿ. ನೋಡುವಂಥದ್ದು ಇರುವುದು ಅಲ್ಲಿಯೇ.

ಧಕ್ಕೆಯ ಮೇಲೆ ನೆರಳು ನೋಡಿಕೊಂಡು ಬಲೆ ರಿಪೇರಿಗೆ ಕೂತವರ ಹತ್ತಿರ ಸ್ವಲ್ಪ ನಿಲ್ಲಿ. ಕಾಲಿನ ಹೆಬ್ಬೆರಳಿಗೆ ಬಲೆಯ ಒಂದು ಕಣ್ಣನ್ನು ಸಿಕ್ಕಿಸಿ, ಇಡೀ ಬಲೆಯನ್ನು ಬಿಗಿಯಾಗಿ ಎಳೆದು ಹಿಡಿದು, ಹರಿದ ಜಾಗದಲ್ಲಿ ಪ್ಲಾಸ್ಟಿಕ್ ಸೂಜಿ ಓಡಿಸುತ್ತಾರೆ. ನೂಲು ಸುತ್ತಿದ ಆ ಸೂಜಿ ಒಳಗೆ ಹೋಗಿ, ಗಂಟು ಬಿದ್ದು, ಹೊರಗೆ ಬರುವುದರೊಳಗೆ ಮುಂದಿನ ಕಣ್ಣು ತಯಾರು. ಅಳತೆಗೆ ಬೆರಳೇ ಪಟ್ಟಿ. ಬಲೆ ಹೆಣೆಯುವವರಲ್ಲಿ ಕೆಲವರು ಇಲ್ಲಿಯ ಹರಿಕಂತ್ರರು, ಖಾರ್ವಿಗಳು. ಪಕ್ಕದ ಪರ್ಸೀನ್ ಬೋಟಿನಲ್ಲಿ ಅನ್ನ ಬೇಯಿಸುತ್ತಿರುವವರು ಒಡಿಶಾ, ಜಾರ್ಖಂಡಿನ ಹುಡುಗರು. ಮೀನು ಇಳಿಯುವ ಹೊತ್ತಿಗೆ ಹೋದರೆ ಹರಾಜಿನ ಗದ್ದಲ. ಬಂಗುಡೆಯ ಬುಟ್ಟಿಗೆ ಬೆಲೆ ಕೂಗುವ ಹೆಂಗಸರ ಮುಂದೆ ನಮ್ಮ ವಕೀಲರು ಸಪ್ಪೆ.

ಇದೇ ದಂಡೆಯಲ್ಲಿ ಹಿಂದೆ ರಂಪಣಿ ಬಲೆ ಬೀಳುತ್ತಿತ್ತು. ದೋಣಿಯಲ್ಲಿ ಬಲೆ ಒಯ್ದು ಕಡಲಿಗೆ ಅರ್ಧಚಂದ್ರದ ಹಾಗೆ ಸುತ್ತು ಹಾಕಿ, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತ ಜನ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು, ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿಯತೊಡಗಿದ ಮೇಲೆ ರಂಪಣಿ ಸೊರಗಿತು. ಒಂದು ಊರಿನ ಕಸುಬು ಕೆಲವರ ಬಂಡವಾಳವಾದ ಕಥೆ ಇದು. ಧಕ್ಕೆಯ ಬಳಿ ಒಂದು ಫಲಕದಲ್ಲಿ ಇದನ್ನು ನಾಲ್ಕು ಸಾಲಿನಲ್ಲಿ ಬರೆದು ಹಾಕಿದರೆ ಘಟ್ಟದ ಮೇಲಿನ ರೈತನಿಗೆ ಚೆನ್ನಾಗಿಯೇ ಅರ್ಥವಾದೀತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿರುತ್ತವೆ. ಅದೂ ಒಂದು ನೋಟವೇ. ಒಂದು ಮಾತು ಮಾತ್ರ ನೆನಪಿರಲಿ: ಅದು ದುಡಿಯುವವರ ಜಾಗ. ಯಾರ ಮುಖದ ಮುಂದೆಯೂ ಮೊಬೈಲ್ ಹಿಡಿಯಬೇಡಿ.

ಎರಡನೆಯ ದಾರಿ ಅದೇ ಕಡಲತೀರದಿಂದ ಬಲಕ್ಕೆ, ಕೋಡಿಬಾಗದ ಕಡೆಗೆ. ಕಾಳಿ ನದಿ ಕಡಲು ಸೇರುವ ಅಳಿವೆಯವರೆಗೆ. ಮಧ್ಯಾಹ್ನದ ಬಿಸಿಲಿಗೆ ಇದೇ ಒಳ್ಳೆಯದು, ಗಾಳಿಮರಗಳ ನೆರಳು ಸಿಗುತ್ತದೆ. ಈ ದಾರಿಗೆ ಒಬ್ಬ ದೊಡ್ಡ ಸಾಕ್ಷಿ ಇದ್ದಾರೆ. ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಮೊದಲ ವರ್ಷಗಳಲ್ಲಿ ಅವರ ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಉಳಿದರು. ಇಪ್ಪತ್ತರ ಆಚೀಚಿನ ಹುಡುಗ. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲಿದ್ದಾಗಲೇ. ಒಂದು ಬೆಳದಿಂಗಳ ರಾತ್ರಿ ಎಲ್ಲರೂ ದೋಣಿಯಲ್ಲಿ ಕಾಳಿ ನದಿಯ ಮೇಲ್ಗಡೆಗೆ ಹೋದದ್ದನ್ನು, ಹಳೆಯ ಗುಡ್ಡದ ಕೋಟೆಯೊಂದರ ಬಳಿ ಇಳಿದದ್ದನ್ನು, ಒಬ್ಬ ರೈತನ ಮನೆಯ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತದ್ದನ್ನು ಅವರು 'ಜೀವನಸ್ಮೃತಿ'ಯಲ್ಲಿ ನೆನೆದಿದ್ದಾರೆ. ಬರುವಾಗ ದೋಣಿಯನ್ನು ಹರಿವಿಗೆ ಬಿಟ್ಟು, ಅಳಿವೆಯಲ್ಲಿ ಇಳಿದು, ಅಲ್ಲಿಂದ ಮನೆಯವರೆಗೆ ಮರಳಿನ ಮೇಲೆ ನಡೆದೇ ಬಂದರಂತೆ.

ಕಡಲತೀರಕ್ಕೆ ಟಾಗೋರರ ಹೆಸರಿಟ್ಟೆವು. ಮಯೂರವರ್ಮ ವೇದಿಕೆ ಕಟ್ಟಿದೆವು. ಚಪಲ್ ಯುದ್ಧನೌಕೆಯನ್ನು ತಂದು ನಿಲ್ಲಿಸಿದೆವು. 2017ರಲ್ಲಿ ನೌಕಾಪಡೆಯಿಂದ ನಿವೃತ್ತಿಯಾದ ಟುಪೊಲೆವ್ ವಿಮಾನವನ್ನೂ ತಂದು ಅದರ ಬಳಿ ಇಟ್ಟೆವು. ಮಕ್ಕಳಿಗೆ ಖುಷಿಯಾಗುತ್ತದೆ, ಬೇಡ ಎನ್ನುವುದಿಲ್ಲ. ಆದರೆ ರವೀಂದ್ರರು ಈ ಊರಿಗೆ ಬಿಟ್ಟುಹೋದದ್ದು ಒಂದು ನಡಿಗೆಯನ್ನು. ಕೋಡಿಬಾಗದ ಅಳಿವೆಯಲ್ಲಿ ಒಂದು ಕಲ್ಲು, ಕಡಲತೀರದಲ್ಲಿ ಇನ್ನೊಂದು ಕಲ್ಲು ನೆಟ್ಟು, "ಇಲ್ಲಿಂದ ಅಲ್ಲಿಗೆ ಕವಿ ನಡೆದರು" ಎಂದು ಕನ್ನಡದಲ್ಲಿ, ಕೊಂಕಣಿಯಲ್ಲಿ, ಬಂಗಾಳಿಯಲ್ಲಿ ಕೆತ್ತಿಸಿ. ಆ ಹೆಸರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ನಿಜವಾದ ಸ್ಮಾರಕ ಇರಲಾರದು.

ದಾರಿಯಲ್ಲಿ ಮರಳಿನ ಮೇಲೆ ಬಲೆಯ ಪುಟ್ಟ ಬೇಲಿ ಕಂಡರೆ ದೂರದಿಂದಲೇ ನೋಡಿ. ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ದಡಕ್ಕೆ ಬಂದು ಮೊಟ್ಟೆ ಇಡುತ್ತವೆ. ನಾಯಿ ಬಗೆಯದಂತೆ ಅರಣ್ಯ ಇಲಾಖೆಯವರು ಕಟ್ಟುವ ರಕ್ಷಣೆ ಅದು. ಅಳಿವೆಯ ನೀರಿಗೆ ಮಾತ್ರ ಇಳಿಯಬೇಡಿ. ನದಿಯೂ ಕಡಲೂ ಎಳೆದಾಡುವ ಜಾಗ ಅದು. ಊರವರೇ ಅಲ್ಲಿ ಹುಷಾರಾಗಿರುತ್ತಾರೆ.

ಮೂರನೆಯದು ಸದಾಶಿವಗಡದ ಗುಡ್ಡ. ಇದಕ್ಕೆ ಕಾಳಿ ದಾಟಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದು ನಿಮಗೆ ನೆನಪಿರಬಹುದು. ಚಾಲಕ ಬದುಕಿದ್ದು ಪುಣ್ಯ. ಆ ಸೇತುವೆಗೆ ಆಗ 41 ವರ್ಷ. ಆಮೇಲೆ ಎರಡೂ ಕಡೆಯ ವಾಹನಗಳ ಭಾರ ಹೊಸ ಸೇತುವೆಯ ಮೇಲೆ ಬಿತ್ತು. ಟ್ಯಾಂಕರು, ಕಂಟೇನರುಗಳ ನಡುವೆ ನಡೆದು ದಾಟಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸದಾಶಿವಗಡದ ಬಸ್ಸು ಹತ್ತಿ, ಸೇತುವೆ ದಾಟಿದ ಕೂಡಲೇ ಇಳಿಯಿರಿ. ಹೆದ್ದಾರಿ ಗುಡ್ಡವನ್ನೇ ಸೀಳಿಕೊಂಡು ಹೋಗಿರುವುದು ಅಲ್ಲಿ ಕಾಣುತ್ತದೆ. ಗುಡ್ಡದ ಮೇಲೆ ದುರ್ಗಾದೇವಿ ಗುಡಿ, ಕೆಳಗೆ ಪೀರರ ದರ್ಗಾ. ಸೋದೆಯ ಅರಸರು ಕಟ್ಟಿದ ಕೋಟೆ ಇದು. ಆಮೇಲೆ ಪೋರ್ಚುಗೀಸರು, ಹೈದರಾಲಿ, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಹಿಡಿದರು. ಗೋಡೆ ಈಗ ಅಲ್ಲಲ್ಲಿ ಉಳಿದಿದೆ ಅಷ್ಟೆ. ಎತ್ತರ ಹೆಚ್ಚಿಲ್ಲ, ಮೊಣಕಾಲು ನೋವಿನವರೂ ನಿಧಾನಕ್ಕೆ ಹತ್ತಬಹುದು.

ಮೇಲೆ ನಿಂತರೆ ಕಾರವಾರ ಯಾಕೆ ಕಾರವಾರವಾಯಿತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ದಕ್ಷಿಣಕ್ಕೆ ಬಾಗಿದ ದಡ, ಅದರ ತುದಿಯಲ್ಲಿ ಬೈತಖೋಲದ ಗುಡ್ಡ. ಪಶ್ಚಿಮಕ್ಕೆ ಕೂರ್ಮಗಡ, ದೀಪಸ್ತಂಭದ ದೇವಗಡ. ಮುಂಗಾರಿನ ಅಲೆಗೆ ಅಡ್ಡ ನಿಂತು ಕೊಲ್ಲಿಯನ್ನು ಕಾಯುವ ದ್ವೀಪಗಳು ಇವು. ಪೂರ್ವಕ್ಕೆ ಕಾಳಿ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, ಸೂಪಾದಲ್ಲಿ ಕಟ್ಟಿಹಾಕಿಸಿಕೊಂಡು, ಕದ್ರಾದ ಗೇಟು ದಾಟಿ, ಸುಮಾರು 184 ಕಿಲೋಮೀಟರ್ ಹರಿದು ಬಂದ ನೀರು. ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿ ರಾಮನಗರಕ್ಕೆ ಎದ್ದುಹೋದವರ ಮಕ್ಕಳು ಇವತ್ತಿಗೂ ಕಾಗದಪತ್ರ ಹಿಡಿದು ಈ ಊರಿಗೆ ಬರುತ್ತಾರೆ. ಅವರ ಊರಿನ ನೀರು ಅವರಿಗಿಂತ ಮೊದಲೇ ಇಲ್ಲಿಗೆ ಬಂದಿರುತ್ತದೆ. ಬೀದರಿನ ಔರಾದಿನವರೆಗೆ ಹೋಗುವ ರಾಜ್ಯ ಹೆದ್ದಾರಿ ಶುರುವಾಗುವುದೂ ಇದೇ ಗುಡ್ಡದ ಬುಡದಿಂದ. ಒಂದು ಶಾಲೆಯ ಮಕ್ಕಳನ್ನು ಇಲ್ಲಿ ಅರ್ಧ ತಾಸು ನಿಲ್ಲಿಸಿದರೆ ವರ್ಷದ ಭೂಗೋಳ ಪಾಠದ ಕಾಲುಭಾಗ ಮುಗಿದಂತೆ.

ಚಾರಣದ ಹುರುಪಿನವರು ಗುಡ್ಡಳ್ಳಿಯನ್ನೂ ಸೇರಿಸಿ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ಊರಿನ ಬೆನ್ನಿಗಿರುವ ಆ ಗುಡ್ಡದ ಜನ ನಗರಸಭೆಯ ಮತದಾರರು. ವರ್ಷಗಳಿಂದ ಒಂದು ಸರಿಯಾದ ರಸ್ತೆ ಕೇಳುತ್ತ ಬಂದವರು. ಕಾಯಿಲೆಯವರನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತು ಇಳಿಸಿದ ದಾರಿಯದು. ಅವರ ಕಷ್ಟ ನಮ್ಮ ಹವ್ಯಾಸದ ನಕ್ಷೆಯಲ್ಲಿ ಬರುವುದು ಬೇಡ. ಮೊದಲು ಅವರಿಗೆ ರಸ್ತೆ, ಆಮೇಲೆ ನಮಗೆ ಫಲಕ.

"ನಡೆಯುವುದಕ್ಕೆಲ್ಲ ಸರ್ಕಾರದ ಹತ್ತಿರ ಯಾಕೆ ಹೋಗಬೇಕು? ಕಾಲಿದೆ, ನಡೆಯಲಿ" ಎನ್ನುವವರಿದ್ದಾರೆ. ಅವರು ಹಳಿಯಾಳದ ಅಜ್ಜಿಯ ಜೊತೆ ಒಮ್ಮೆ ಹೆದ್ದಾರಿ ದಾಟಿ ನೋಡಲಿ. ಊರಿಗೂ ಕಡಲಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66 ಮಲಗಿದೆ. ಫ್ಲೈಓವರ್ ಕೆಳಗೆ ಯಾವ ಕಡೆಯಿಂದ ಯಾವ ಗಾಡಿ ಬರುತ್ತದೆ ಎಂಬುದು ಇಲ್ಲಿಯವರಿಗೇ ಗೊಂದಲ. ಫುಟ್‌ಪಾತಿನ ಮೇಲೆ ಬೈಕು, ಬೈಕಿನ ಪಕ್ಕ ಚರಂಡಿಯ ತೆರೆದ ಬಾಯಿ. ದಾರಿ ತೋರಿಸುವ ಒಂದು ಬೋರ್ಡೂ ಇಲ್ಲದೆ ಹೊಸಬರು ಯಾರನ್ನು ಕೇಳಬೇಕು? ಚಾಲಕನಿಗೆ ಗೋವಾ ಎಷ್ಟು ದೂರ, ಮಂಗಳೂರು ಎಷ್ಟು ದೂರ ಎಂದು ತಲೆಯ ಮೇಲೆ ಹಸಿರು ಫಲಕ ತೂಗುಹಾಕಿದ ನಾವು, ನಡೆಯುವವನಿಗೆ ಕಡಲು ಎಷ್ಟು ನಿಮಿಷ ಎಂದು ಬರೆದಿಲ್ಲ.

ಇನ್ನೊಂದು ಮುಖ್ಯ ಕಾರಣವೂ ಇದೆ. ಜನ ನಡೆಯುವ ಜಾಗವನ್ನು ಜನ ಕಾಯುತ್ತಾರೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಬಿಣಗಾ, ಅರ್ಗಾದ ದಡಗಳು ಬೇಲಿಯ ಆಚೆಗೆ ಹೋದವು. ಊರುಗಳು ಖಾಲಿಯಾದವು, ಮೀನುಗಾರರು ಬಲೆ ಮಡಚಿದರು. ದೇಶದ ರಕ್ಷಣೆಯ ಮಾತು, ಹೆಚ್ಚು ಚರ್ಚೆ ಮಾಡಲಾರೆ. ನೆಲ ಕೊಟ್ಟವರ ಪರಿಹಾರದ ಅರ್ಜಿಗಳನ್ನು ಟೈಪು ಮಾಡಿದ ಕೈ ಇದು ಎಂದಷ್ಟೇ ಹೇಳಬಲ್ಲೆ. ಊರಿನವರ ಪಾಲಿಗೆ ಉಳಿದದ್ದು ಬೈತಖೋಲದಿಂದ ಕೋಡಿಬಾಗದವರೆಗಿನ ಈ ಒಂದು ಬಾಗಿದ ದಡ. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆಯ ಕೆಲಸ ಇಲ್ಲಿಗೆ ಬಂದಾಗ ಮೀನುಗಾರ ಹೆಂಗಸರು ನೀರಿಗಿಳಿದು ತಡೆದರು, ಪೇಟೆ ಬಂದ್ ಆಯಿತು, ಹೈಕೋರ್ಟು ಕೆಲಸ ನಿಲ್ಲಿಸಿತು. ಅಂದು ಬೀದಿಗೆ ಬಂದವರಲ್ಲಿ ಮೀನುಗಾರರಲ್ಲದವರೂ ಇದ್ದರು. ದಿನಾ ಬೆಳಿಗ್ಗೆ ಆ ಮರಳಿನ ಮೇಲೆ ನಡೆಯುವ ನಿವೃತ್ತ ಮಾಸ್ತರರು, ಬ್ಯಾಂಕಿನವರು, ಅಂಗಡಿಯವರು. ಕಡಲಿನ ಜೊತೆ ಅವರಿಗಿದ್ದ ನಂಟು ನಡಿಗೆಯದು ಮಾತ್ರ. ಅಷ್ಟಕ್ಕೇ ಅವರು ಎದ್ದು ಬಂದರು.

ಅದೇ ನಂಟು ಜಿಲ್ಲೆಯ ಉಳಿದವರಿಗೂ ಬರಲಿ ಎಂಬುದು ನನ್ನ ಆಸೆ. ಘಟ್ಟದ ಮೇಲಿನವರಿಗೆ ಕಾರವಾರ ಎಂದರೆ ಸಾಹೇಬರು, ಸಹಿ, ಸರತಿ. ಕರಾವಳಿಯವರಿಗೆ ಘಟ್ಟ ಎಂದರೆ ತರಕಾರಿ ಬರುವ ಕಡೆ. ಒಂದೇ ಜಿಲ್ಲೆಯಲ್ಲಿದ್ದೂ ಪರಸ್ಪರ ಗೊತ್ತಿಲ್ಲ. ಜೋಯಿಡಾದವನು ತನ್ನ ನದಿ ಕಡಲು ಸೇರುವುದನ್ನು ಒಮ್ಮೆ ಕಣ್ಣಾರೆ ನೋಡಿದರೆ, ಅಳಿವೆಯ ಮರಳು ಲಾರಿ ಹತ್ತುವ ಸುದ್ದಿಯನ್ನು ಬೇರೆ ರೀತಿ ಓದುತ್ತಾನೆ. ನಮ್ಮ ಸುಂಕೇರಿಯ ಹುಡುಗ ಸದಾಶಿವಗಡ ಹತ್ತಿ ಕಾಳಿಯ ಮೇಲ್ದಿಕ್ಕು ನೋಡಿದರೆ, ಮಳೆಗಾಲದಲ್ಲಿ ಕದ್ರಾದ ಗೇಟು ತೆರೆದರು ಎಂಬುದು ಅವನಿಗೆ ವಾಟ್ಸ್ಆ್ಯಪ್ ಗಾಳಿಸುದ್ದಿಯಾಗಿ ಉಳಿಯುವುದಿಲ್ಲ.

ಜಿಲ್ಲಾಡಳಿತಕ್ಕೂ ನಗರಸಭೆಗೂ ನನ್ನ ವಿನಂತಿ ಇಷ್ಟೇ. ಬರುವ ವರ್ಷದ ಪ್ರವಾಸೋದ್ಯಮ ಯೋಜನೆಯಲ್ಲಿ ಗಾಜಿನ ಸೇತುವೆ, ಪ್ರತಿಮೆ, ಲೇಸರ್ ಷೋಗಳಿಗೆ ಹಣ ಇಡುವ ಮೊದಲು ಮೂರು ದಾರಿಯ ನಕ್ಷೆ, ಬಾಣದ ಗುರುತು, ಕಲ್ಲುಬೆಂಚು, ನಾಲ್ಕು ಶೌಚಾಲಯ ಮತ್ತು ಹೆದ್ದಾರಿ ದಾಟಲು ಒಂದು ಭದ್ರವಾದ ಪಟ್ಟೆಗೆ ಹಣ ಇಡಿ. ಬರಹ ಕನ್ನಡದಲ್ಲೂ ಕೊಂಕಣಿಯಲ್ಲೂ ಇರಲಿ. ದೂರವನ್ನು ಕಿಲೋಮೀಟರಿನಲ್ಲಿ ಬರೆಯಬೇಡಿ, ನಿಮಿಷದಲ್ಲಿ ಬರೆಯಿರಿ. ಮೂರಕ್ಕೆ ಸಾಹೇಬರು ಬರುವುದಿದ್ದರೆ ಜನರಿಗೆ ಬೇಕಾದದ್ದು ಆ ಲೆಕ್ಕ.

ಓದುವ ನಿಮಗೂ ಒಂದು ಮಾತು. ಮುಂದಿನ ಸಲ ಕೆಲಸದ ಮೇಲೆ ಕಾರವಾರಕ್ಕೆ ಬಂದಾಗ "ಊಟ ಆದ ಮೇಲೆ ಬನ್ನಿ" ಎಂದರೆ ಬೇಸರ ಮಾಡಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂರಬೇಡಿ. ಕಾಗದಪತ್ರದ ಚೀಲವನ್ನು ಯಾವುದಾದರೂ ಝೆರಾಕ್ಸ್ ಅಂಗಡಿಯಲ್ಲಿಟ್ಟು ನಡೆಯಲು ಹೋಗಿ. ಚೀಲ ಇಟ್ಟುಕೊಳ್ಳಲು ನಾವು ದುಡ್ಡು ಕೇಳುವುದಿಲ್ಲ.